ವೀಸಾ ಮೀರಿ ಉಳಿದಿದ್ದ ವಿದೇಶಿ ಸಂಗಾತಿ ಮತ್ತೆ ನಮ್ಮೂರಿಗೆ ಬರಬಹುದಾ?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಸುಲಭ ಆಗಲಿ ಅಂತ ಮಾತನ್ನ ಅಲ್ಲಲ್ಲಿ ತಿದ್ದಿದ್ದೇವೆ.

ಲೆಕ್ಕಕ್ಕೆ ಅಂತ ಒಂದು ಜೋಡಿಯನ್ನ ಇಟ್ಕೊಳ್ಳೋಣ. ಹುಡುಗ ಗೋಕಾಕ ತಾಲೂಕಿನ ಮಮದಾಪುರದವನು. ದುಬೈನಲ್ಲಿ ನಾಲ್ಕು ವರ್ಷ ಹೋಟೆಲ್ ಕೆಲಸ ಮಾಡಿ ಬಂದಿದ್ದಾನೆ, ಈಗ ಬೆಳಗಾವಿಯಲ್ಲಿದ್ದಾನೆ. ಹುಡುಗಿ ಫಿಲಿಪ್ಪೀನ್ಸ್‌ನವಳು, ಅದೇ ಹೋಟೆಲಿನ ರಿಸೆಪ್ಷನ್‌ನಲ್ಲಿದ್ದವಳು. ಇ-ಟೂರಿಸ್ಟ್ ವೀಸಾ ತಗೊಂಡು ಬಂದಳು. ಗೋಕಾಕ ಫಾಲ್ಸ್ ನೋಡಿದಳು, ಕರದಂಟು ತಿಂದಳು, ಹುಡುಗನ ಅವ್ವನ ಪಕ್ಕ ಕೂತು ರೊಟ್ಟಿ ಬಡಿಯೋದು ಕಲಿತಳು. ಹೀಗೇ 150 ದಿನ ಆಯ್ತು. ಆಮೇಲೆ ಮನಿಲಾಗೆ ವಾಪಸ್ ಹೊರಟಾಗ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತಿರುಗಿಸಿ ನೋಡಿದವರು ಹೇಳಿದ್ರು: ನೀವು 60 ದಿನ ಹೆಚ್ಚಿಗೆ ಉಳಿದಿದ್ದೀರಿ, ಹೋಗೋಕೆ ಆಗಲ್ಲ.

ಈ ಇಬ್ಬರು ನಾವು ಕಟ್ಟಿದ ಪಾತ್ರಗಳು, ಹುಡುಕಬೇಡಿ. ಆದರೆ ಅವರು ಬಿದ್ದ ಗುಂಡಿಗೆ ಯಾರು ಬೇಕಾದ್ರೂ ಬೀಳಬಹುದು. ಅವಳ ವೀಸಾ ಒಂದು ವರ್ಷದ್ದಾಗಿತ್ತು. ಹಾಗಾದ್ರೆ 150ನೇ ದಿನಕ್ಕೆ ಅದು ಮುಗಿದಿದ್ದು ಹೇಗೆ?

ವೀಸಾದ ಅವಧಿ ಬೇರೆ, ಒಂದು ಸಲ ಬಂದರೆ ಉಳಿಯಬಹುದಾದ ದಿನ ಬೇರೆ. ಗೋಕಾಕದಿಂದ ಬೆಳಗಾವಿಗೆ ನಿಮ್ಮ ಹತ್ರ ತಿಂಗಳ ಬಸ್ ಪಾಸ್ ಇದೆ ಅಂದ್ರೆ ತಿಂಗಳಿಡೀ ಬಸ್ಸಿನಲ್ಲೇ ಕೂತಿರಬಹುದು ಅಂತ ಅರ್ಥ ಅಲ್ವಲ್ಲ. ಒಂದು ವರ್ಷದ ಇ-ಟೂರಿಸ್ಟ್ ವೀಸಾದಲ್ಲಿ ಬಹುತೇಕ ದೇಶದವರು ಒಂದು ಸಲಕ್ಕೆ 90 ದಿನ ಮಾತ್ರ ಇರಬಹುದು. ಅಮೆರಿಕ, ಬ್ರಿಟನ್, ಕೆನಡಾ, ಜಪಾನಿನವರಿಗೆ 180 ದಿನ. ಇದು ವೀಸಾ ಪತ್ರದ ಮೇಲೇ ಇರುತ್ತೆ, ಸಣ್ಣ ಅಕ್ಷರದಲ್ಲಿ. ಪ್ರೀತಿ ಮಾಡುವಾಗ ಸಣ್ಣ ಅಕ್ಷರ ಯಾರು ಓದ್ತಾರೆ ಹೇಳಿ.

ಸರಿ. ಈಗ ಅವಳು ಕೌಂಟರಿನ ಮುಂದೆ ನಿಂತಿದ್ದಾಳೆ. ಮುಂದೇನು?

ಮೊದಲನೇದು, ಇದು ಅಪರಾಧ. 1946ರ ವಿದೇಶಿಯರ ಕಾಯ್ದೆ ಅಂತ ಒಂದಿತ್ತು, ಬ್ರಿಟಿಷರ ಕಾಲದ್ದು. ಅದರ ಜೊತೆ ಇನ್ನೂ ಮೂರು ಹಳೆ ಕಾಯ್ದೆಗಳನ್ನ ತೆಗೆದು ಸಂಸತ್ತು 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಅಂತ ಹೊಸದೊಂದನ್ನ ಮಾಡ್ತು. 2025ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಳಿದ ತಕ್ಷಣ ಎದೆ ಝಲ್ ಅನ್ನುತ್ತೆ. ಆದರೆ ಎಲ್ಲರನ್ನೂ ಕೋರ್ಟಿಗೆ ಎಳೆಯೋದಿಲ್ಲ. ಕಾಯ್ದೆಯಲ್ಲೇ ರಾಜಿ ದಂಡಕ್ಕೆ ಅವಕಾಶ ಇದೆ. ದುಡ್ಡು ಕಟ್ಟಿ ಪ್ರಕರಣ ಮುಗಿಸಿಕೊಳ್ಳೋದು. 30 ದಿನದವರೆಗೆ ಮೀರಿದ್ರೆ 10,000 ರೂಪಾಯಿ, 31ರಿಂದ 90 ದಿನಕ್ಕೆ 20,000, 180 ದಿನದವರೆಗೆ 50,000, ಒಂದು ವರ್ಷದವರೆಗೆ 1 ಲಕ್ಷ. ಅದಕ್ಕೂ ಮೇಲೆ ಹೋದರೆ ವರ್ಷ ಕಳೆದ ಹಾಗೆ ಏರುತ್ತಾ 3 ಲಕ್ಷದ ತನಕ. ನಮ್ಮ ಹುಡುಗಿಯದ್ದು 60 ದಿನ, ಹಾಗಾಗಿ 20,000.

ಈ ದುಡ್ಡನ್ನ ಕೌಂಟರಿನಲ್ಲಿ ಕೊಟ್ಟು ಓಡಿ ವಿಮಾನ ಹತ್ತೋಕೆ ಆಗಲ್ಲ. ಮೊದಲು ಇ-ಎಫ್‌ಆರ್‌ಆರ್‌ಒ ಅನ್ನೋ ವೆಬ್‌ಸೈಟಿನಲ್ಲಿ ನಿರ್ಗಮನ ಪರವಾನಗಿಗೆ, ಅಂದ್ರೆ ಎಕ್ಸಿಟ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಎಫ್‌ಆರ್‌ಆರ್‌ಒ ಅಂದ್ರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಅಧಿಕಾರಿ. ಕರ್ನಾಟಕಕ್ಕೆ ಆ ಕಚೇರಿ ಇರೋದು ಬೆಂಗಳೂರಿನಲ್ಲಿ. ಜಿಲ್ಲೆಗಳಲ್ಲಿ ಎಸ್‌ಪಿ ಸಾಹೇಬರೇ ವಿದೇಶಿಯರ ನೋಂದಣಿ ಅಧಿಕಾರಿ. 2018ರಿಂದ ಅರ್ಜಿ ಎಲ್ಲ ಆನ್‌ಲೈನ್ ಆಗಿರೋದ್ರಿಂದ ಮಮದಾಪುರದಲ್ಲಿ ಕೂತೇ ಶುರು ಮಾಡಬಹುದು. ಹಾಗಾಗಿ ದಿನ ಮೀರಿದೆ ಅಂತ ಗೊತ್ತಾದ ಕೂಡಲೇ, ಟಿಕೆಟ್ ಬುಕ್ ಮಾಡೋಕೆ ಮುಂಚೆ, ಈ ಅರ್ಜಿ. ವಿಮಾನ ನಿಲ್ದಾಣಕ್ಕೆ ಹೋಗಿ ನೋಡೋಣ ಅಂದವರಿಗೆ ಟಿಕೆಟ್ ದುಡ್ಡೂ ಹೋಗುತ್ತೆ.

ದಂಡ ಕಟ್ಟಿದ್ಲು, ಪರವಾನಗಿ ಸಿಕ್ತು, ಹೋದಳು. ಆ ರಸೀದಿಯನ್ನೂ ಪರವಾನಗಿಯ ಪ್ರತಿಯನ್ನೂ ಬಂಗಾರದ ಹಾಗೆ ಇಟ್ಕೊಳ್ಳಿ ಅಂತ ನಾನು ಹೇಳೋದು. ಯಾಕಂದ್ರೆ ಮುಂದಿನ ಕಥೆ ಪೂರ್ತಿ ಆ ಎರಡು ಕಾಗದದ ಮೇಲೆ ನಡೆಯೋದು.

ಈಗ ಮನೆಯವರೆಲ್ಲ ಕೇಳೋ ಪ್ರಶ್ನೆ: ಮತ್ತೆ ಬಿಡ್ತಾರಾ? ಅಮೆರಿಕದ ಕಾನೂನಿನಲ್ಲಿ ಇಷ್ಟು ದಿನ ಮೀರಿದ್ರೆ ಇಷ್ಟು ವರ್ಷ ನಿಷೇಧ ಅಂತ ಬರೆದಿಟ್ಟಿದ್ದಾರೆ, ಅದಕ್ಕೆ ಆಮೇಲೆ ಬರ್ತೀನಿ. ನಮ್ಮ ಕಾಯ್ದೆಯಲ್ಲಿ ಹಾಗೆ ದಿನಕ್ಕೆ ವರ್ಷದ ಲೆಕ್ಕ ಇಲ್ಲ. ಕಪ್ಪು ಪಟ್ಟಿಗೆ ಹಾಕೋ ಅಧಿಕಾರ ಸರ್ಕಾರಕ್ಕಿದೆ. ಹಾಕಬಹುದು, ಹಾಕದೇನೂ ಇರಬಹುದು. ಇದು ಒಳ್ಳೇದೂ ಹೌದು, ಕೆಟ್ಟದ್ದೂ ಹೌದು. 60 ದಿನ ಗೊತ್ತಿಲ್ಲದೆ ಮೀರಿ, ತಾನಾಗಿಯೇ ಅರ್ಜಿ ಹಾಕಿ, ದಂಡ ಕಟ್ಟಿ ಹೋದವರನ್ನ ನೋಡೋ ಕಣ್ಣು ಬೇರೆ; ಆರು ವರ್ಷ ಅಡಗಿದ್ದು ಪೊಲೀಸರ ಕೈಗೆ ಸಿಕ್ಕಿ ಗಡೀಪಾರಾದವರನ್ನ ನೋಡೋ ಕಣ್ಣು ಬೇರೆ.

ಮುಂದಿನ ಸಲ ಅವಳು ಟೂರಿಸ್ಟ್ ವೀಸಾಗೆ ಕೈ ಹಾಕದಿದ್ರೆ ಒಳ್ಳೇದು. ಮದುವೆ ಮಾಡ್ಕೊಂಡು ಇಲ್ಲೇ ಇರೋ ಉದ್ದೇಶ ಅಂದ್ಮೇಲೆ ಅದಕ್ಕೆ ಅಂತಲೇ ಎಂಟ್ರಿ ವೀಸಾ ಇದೆ. ಎಕ್ಸ್ ವೀಸಾ ಅಂತಾರೆ. ಭಾರತೀಯರ ಗಂಡ, ಹೆಂಡತಿ, ಮಕ್ಕಳಿಗೆ ಕೊಡೋದು ಅದರಲ್ಲಿ ಎಕ್ಸ್-2. ಅವಳ ದೇಶದಲ್ಲಿರೋ ನಮ್ಮ ರಾಯಭಾರ ಕಚೇರಿಗೆ ಅರ್ಜಿ. ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತೆ: ಭಾರತಕ್ಕೆ ಬರೋಕೆ ಅಥವಾ ಉಳಿಯೋಕೆ ಹಿಂದೆ ಯಾವಾಗಾದ್ರೂ ನಿರಾಕರಿಸಿದ್ದಾರಾ, ಯಾವುದಾದ್ರೂ ದೇಶದಿಂದ ಗಡೀಪಾರಾಗಿದ್ದೀರಾ ಅಂತ. ಇಲ್ಲೇ ಬಹಳ ಜನ ಜಾರೋದು. ಏಜೆಂಟ್ ಹೇಳ್ತಾನೆ, "ಇಲ್ಲ ಅಂತ ಟಿಕ್ ಮಾಡ್ರಿ, ಯಾರು ನೋಡ್ತಾರ". ಇಮಿಗ್ರೇಷನ್ ಕಂಪ್ಯೂಟರಿನಲ್ಲಿ ಅವಳು ಬಂದ ದಿನ, ಹೋದ ದಿನ, ಕಟ್ಟಿದ ದಂಡ ಎಲ್ಲ ಇದೆ. ಅಲ್ಲಿ ನೋಡೋಕೆ ಯಾರೂ ಕೂರಬೇಕಾಗಿಯೇ ಇಲ್ಲ. 60 ದಿನದ ಮೀರಿದ ವಾಸ್ತವ್ಯ ಕ್ಷಮೆಗೆ ಸಿಗುವಂಥದ್ದು, ಅದನ್ನ ಮುಚ್ಚಿಟ್ಟ ಸುಳ್ಳು ಸಿಗೋದು ಕಷ್ಟ. ಎರಡು ಪ್ಯಾರಾದ ಒಂದು ಪತ್ರ ಬರೆಯಿರಿ: ಯಾವಾಗ ಬಂದೆ, ಯಾಕೆ ಮೀರಿತು, ಎಷ್ಟು ದಂಡ ಕಟ್ಟಿದೆ, ಯಾವತ್ತು ಹೋದೆ. ಜೊತೆಗೆ ಆ ರಸೀದಿ, ಆ ಪರವಾನಗಿ. ಸಾಕು. ಕಣ್ಣೀರಿನ ಕಥೆ ಬೇಕಿಲ್ಲ.

ಆದರೆ ಎಕ್ಸ್ ವೀಸಾಗೆ ಮದುವೆ ಆಗಿರಬೇಕು, ಅದೂ ಕಾಗದದ ಮೇಲೆ. ಊರ ದೇವರ ಗುಡಿಯಲ್ಲಿ ಅಕ್ಷತೆ ಬಿದ್ದಿದ್ದು ದೇವರಿಗೆ ಗೊತ್ತು, ರಾಯಭಾರ ಕಚೇರಿಗೆ ಗೊತ್ತಾಗಬೇಕಲ್ಲ. ಬೇರೆ ಧರ್ಮದ ವಿದೇಶಿಯರ ಜೊತೆ ಮದುವೆ ಅಂದ್ರೆ ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸ ಇದ್ದ ಜಾಗದ ವಿವಾಹ ಅಧಿಕಾರಿಗೆ, ಅಂದ್ರೆ ನಮ್ಮ ಕಡೆ ಉಪ ನೋಂದಣಾಧಿಕಾರಿಗೆ, ನೋಟಿಸ್ ಕೊಡಬೇಕು. ಅದನ್ನ ಕಚೇರಿಯಲ್ಲಿ ಕಾಣೋ ಹಾಗೆ ಅಂಟಿಸ್ತಾರೆ. 30 ದಿನ ಯಾರಾದ್ರೂ ಆಕ್ಷೇಪ ಹೇಳ್ತಾರಾ ಅಂತ ಕಾಯ್ತಾರೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ರೆ ಮತ್ತೆ ಮೊದಲಿಂದ. ಗುಡಿಯಲ್ಲಿ ಈಗಾಗಲೇ ಆದ ಮದುವೆಯನ್ನೂ ಇದೇ ಕಾಯ್ದೆಯಲ್ಲಿ ನೋಂದಾಯಿಸಬಹುದು, ಅಲ್ಲೂ 30 ದಿನ ಕಾಯಬೇಕು. 90 ದಿನದ ವೀಸಾದಲ್ಲಿ ಬಂದವರಿಗೆ ಈ 30 ದಿನ ಎಷ್ಟು ದುಬಾರಿ ಅಂತ ಯೋಚನೆ ಮಾಡಿ. ಬಂದ ಮೊದಲ ವಾರವೇ ನೋಟಿಸ್ ಕೊಟ್ಟರೆ ಎಲ್ಲ ಸಲೀಸು. ಎರಡು ತಿಂಗಳು ತಿರುಗಾಡಿ ಆಮೇಲೆ ಕೊಟ್ಟರೆ ಸಹಿ ಹಾಕೋ ದಿನಕ್ಕೆ ವೀಸಾ ಮುಗಿದಿರುತ್ತೆ. ನನ್ನ ಪ್ರಕಾರ ಬಹಳ ಜೋಡಿಗಳಿಗೆ ತೊಂದರೆ ಶುರು ಆಗೋದು ಈ ಲೆಕ್ಕದಲ್ಲೇ.

ಅವಳ ಕಡೆಯಿಂದಲೂ ಕಾಗದ ಬೇಕು. ಫಿಲಿಪ್ಪೀನ್ಸ್‌ನವರಾದ್ರೆ ಹಿಂದೆ ಮದುವೆ ಆಗಿಲ್ಲ ಅನ್ನೋ ಪ್ರಮಾಣಪತ್ರ, ಮದುವೆ ಆಗೋಕೆ ಅರ್ಹಳು ಅಂತ ಅವರ ರಾಯಭಾರ ಕಚೇರಿ ಕೊಡೋ ಪತ್ರ. ಅಲ್ಲಿಂದ ತರೋ ದಾಖಲೆಗೆ ಅಪೊಸ್ಟೀಲ್ ಮುದ್ರೆ ಹಾಕಿಸಿದ್ರೆ ಇಲ್ಲಿ ನಡೆಯುತ್ತೆ, ಯಾಕಂದ್ರೆ ಎರಡೂ ದೇಶ ಆ ಒಪ್ಪಂದದಲ್ಲಿವೆ. ಇನ್ನೊಂದು ವಿಚಿತ್ರ ನಿಯಮ ಕೇಳಿ: ವಿದೇಶಿಯರನ್ನ ಮದುವೆಯಾಗಿ ದೇಶ ಬಿಡೋ ತನ್ನ ಪ್ರಜೆಗಳಿಗೆ ಫಿಲಿಪ್ಪೀನ್ಸ್ ಸರ್ಕಾರ ಒಂದು ಆಪ್ತಸಮಾಲೋಚನೆ ಕಡ್ಡಾಯ ಮಾಡಿದೆ. ಆ ಪ್ರಮಾಣಪತ್ರ ಇಲ್ಲದಿದ್ರೆ ಅವಳನ್ನ ತಡೆಯೋದು ನಮ್ಮವರಲ್ಲ, ಮನಿಲಾದವರು. ಅಂದ ಹಾಗೆ 2025ರಿಂದ ಭಾರತೀಯರು ಪ್ರವಾಸಕ್ಕೆ ಅಂತ ವೀಸಾ ಇಲ್ಲದೆ 14 ದಿನ ಫಿಲಿಪ್ಪೀನ್ಸ್‌ಗೆ ಹೋಗಿ ಬರಬಹುದು. ಅವಳ ವೀಸಾ ತಡ ಆಗೋವರೆಗೆ ಇವನಾದ್ರೂ ಹೋಗಿ ಮುಖ ನೋಡ್ಕೊಂಡು ಬರಬಹುದು, ಅಷ್ಟು ಸಮಾಧಾನ.

ಇಲ್ಲಿರುವಾಗಲೇ ಮದುವೆ ಆದ್ರೆ ವಾಪಸ್ ಹೋಗದೆ ವೀಸಾ ಬದಲಿಸಬಹುದಾ? ವೀಸಾ ಜೀವಂತ ಇರುವಾಗ ಮದುವೆಯಾಗಿ ಅರ್ಜಿ ಹಾಕಿದರೆ ಎಕ್ಸ್-2ಗೆ ಬದಲಿಸೋ ಅವಕಾಶ ಇದೆ. ವಿವಾಹ ಪ್ರಮಾಣಪತ್ರ, ಗಂಡನ ಗುರುತಿನ ದಾಖಲೆ, ಅವಳ ಜವಾಬ್ದಾರಿ ನನ್ನದು ಅಂತ ಬರೆದುಕೊಡೋ ಬಾಂಡ್, ಆಮೇಲೆ ಇಬ್ಬರೂ ಒಟ್ಟಿಗೆ ಇದ್ದಾರಾ ಅಂತ ಪೊಲೀಸ್ ವರದಿ. ಈ ಕೊನೇದು ಹಳ್ಳಿ ಮನೆಗಳಲ್ಲಿ ಗಾಬರಿ ಹುಟ್ಟಿಸುತ್ತೆ. ನಮ್ಮ ಹುಡುಗನ ಅವ್ವ ಕೇಳ್ತಾಳೆ ಅಂತ ಇಟ್ಕೊಳ್ಳಿ, "ಯಪ್ಪಾ, ಪೊಲೀಸ್ರು ಮನಿಗೆ ಬರ್ತಾರೇನೋ?" ಬರ್ತಾರೆ. "ಕೇಳಾಕ ಬರ್ತಾರವ್ವಾ, ಹಿಡಿಯಾಕ ಅಲ್ಲ" ಅಂತ ಮೊದಲೇ ಹೇಳಿಟ್ಟಿರಬೇಕು. ಅಕ್ಕಪಕ್ಕದವರನ್ನ ಕೇಳ್ತಾರೆ, ಮದುವೆ ನಿಜಾನಾ ಅಂತ ನೋಡ್ತಾರೆ. ರೊಟ್ಟಿ ಬಡಿಯೋದು ಕಲಿತಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ, ನಗಬೇಡಿ.

ವೀಸಾ ಸತ್ತ ಮೇಲೆ ಮದುವೆ ಆದ್ರೆ? ಮದುವೆ ಸಿಂಧು. ವಿಶೇಷ ವಿವಾಹ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ತುಂಬಿದೆಯಾ, ಬೇರೆ ಸಂಗಾತಿ ಇದ್ದಾರಾ, ಬುದ್ಧಿ ನೆಟ್ಟಗಿದೆಯಾ, ಹತ್ತಿರದ ರಕ್ತ ಸಂಬಂಧವಾ ಅಂತ ಕೇಳುತ್ತೆ. ಪೌರತ್ವ ಕೇಳಲ್ಲ. ಆದರೆ ಆ ಮದುವೆ ಮೀರಿದ ದಿನಗಳನ್ನ ಅಳಿಸಲ್ಲ. ಆಗ ಎಫ್‌ಆರ್‌ಆರ್‌ಒ ಮುಂದೆ ಎರಡು ದಾರಿ: ದಂಡ ಕಟ್ಟಿಸಿಕೊಂಡು ಇಲ್ಲೇ ಸಕ್ರಮ ಮಾಡೋದು, ಇಲ್ಲಾ ನಿರ್ಗಮನ ಪರವಾನಗಿ ಕೊಟ್ಟು, ಹೋಗಿ ಹೊಸ ವೀಸಾ ತಗೊಂಡು ಬನ್ನಿ ಅನ್ನೋದು. ಯಾವುದು ಅನ್ನೋದು ಅವರ ವಿವೇಚನೆ. ಇದರಲ್ಲಿ ನಮ್ಮ ಹಕ್ಕು ಎಷ್ಟು? ಕಮ್ಮಿ. 1955ರಲ್ಲಿ ಹಾನ್ಸ್ ಮುಲ್ಲರ್ ಅನ್ನೋ ಜರ್ಮನ್ ವ್ಯಕ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದೇಶಿಯರನ್ನ ಹೊರಗೆ ಕಳಿಸೋ ಸರ್ಕಾರದ ಅಧಿಕಾರಕ್ಕೆ ಮಿತಿ ಇಲ್ಲ ಅಂತ ಹೇಳಿತು. 1991ರಲ್ಲಿ ಲೂಯಿ ಡಿ ರೇಡ್ ಪ್ರಕರಣ ಬಂತು. ಅವರು 1937ರಿಂದ ಭಾರತದಲ್ಲೇ ಇದ್ದ ಬೆಲ್ಜಿಯಂನ ಪಾದ್ರಿ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ವಿದೇಶಿಯರಿಗೂ ಇದೆ, ಆದರೆ ಇಲ್ಲೇ ನೆಲೆಸೋ ಹಕ್ಕು ಪ್ರಜೆಗಳಿಗೆ ಮಾತ್ರ ಅಂತ ಅಲ್ಲಿ ಸ್ಪಷ್ಟವಾಯ್ತು. ಅರ್ಧ ಶತಮಾನ ಇದ್ದವರಿಗೇ ಹಾಗೆ. ಹಾಗಂತ ಕೋರ್ಟಿನ ಬಾಗಿಲು ಮುಚ್ಚಿಲ್ಲ. ಕಾರಣ ಕೊಡದೆ ಅರ್ಜಿ ತಳ್ಳಿಹಾಕಿದ್ರೆ, ಕಪ್ಪು ಪಟ್ಟಿಗೆ ಹಾಕಿ ಉತ್ತರ ಕೊಡದಿದ್ರೆ, ರಿಟ್ ಅರ್ಜಿ ಹಾಕಬಹುದು. ಬೆಳಗಾವಿ ಜಿಲ್ಲೆಯವರಿಗೆ ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ.

ಈಗ ಈ ಸಂಚಿಕೆಯ ಮುಖ್ಯ ಭಾಗಕ್ಕೆ ಬರ್ತೀನಿ. ದಂಡ, ವೀಸಾ ಎಲ್ಲ ದುಡ್ಡು ಮತ್ತು ತಾಳ್ಮೆಯ ವಿಷಯ. ಆದರೆ ಮೀರಿದ ವೀಸಾ ಹುಟ್ಟೋ ಮಗುವಿಗೆ ಏನು ಮಾಡುತ್ತೆ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ.

ಭಾರತದಲ್ಲಿ ಹುಟ್ಟಿದವರೆಲ್ಲ ಭಾರತೀಯರು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. 1987ರ ಜುಲೈಗೆ ಮುಂಚೆ ಹುಟ್ಟಿದವರಿಗೆ ಅದು ಹೆಚ್ಚು ಕಡಿಮೆ ನಿಜ. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದ್ರೂ ಭಾರತೀಯರಾಗಿರಬೇಕು ಅಂತಾಯ್ತು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಮಗು ಹುಟ್ಟೋ ಹೊತ್ತಿಗೆ ಅಕ್ರಮ ವಲಸಿಗ ಆಗಿರಬಾರದು. ಅಕ್ರಮ ವಲಸಿಗ ಅಂದ್ರೆ ಬೇಲಿ ಹಾರಿ ಬಂದವರು ಅಂತ ಕಣ್ಮುಂದೆ ಬರುತ್ತಲ್ವಾ? ಪೌರತ್ವ ಕಾಯ್ದೆಯ ವ್ಯಾಖ್ಯಾನ ಓದಿ. ಸರಿಯಾದ ಪಾಸ್‌ಪೋರ್ಟ್, ಸರಿಯಾದ ವೀಸಾದಲ್ಲಿ ಬಂದು, ಕೊಟ್ಟ ಅವಧಿ ಮೀರಿ ಉಳಿದವರೂ ಅಕ್ರಮ ವಲಸಿಗರೇ.

ಇದನ್ನ ನಮ್ಮ ಜೋಡಿಗೆ ಹಾಕಿ ನೋಡಿ. ಅವಳು ಮತ್ತೆ ಬಂದಳು, ಮದುವೆ ಆಯ್ತು, ಬಸುರಿಯಾದಳು. ಪ್ರಯಾಣ ಬೇಡ ಅಂದ್ರು ಡಾಕ್ಟರು. ವೀಸಾ ವಿಸ್ತರಣೆಗೆ ಅರ್ಜಿ ಹಾಕೋಣ ನಾಳೆ ಹಾಕೋಣ ಅಂತ ಮರೆತ್ರು. ಅವಧಿ ಮಂಗಳವಾರ ಮುಗೀತು, ಗುರುವಾರ ಗೋಕಾಕದ ಆಸ್ಪತ್ರೆಯಲ್ಲಿ ಹೆರಿಗೆ. ಕಾಯ್ದೆಯ ಅಕ್ಷರದ ಪ್ರಕಾರ ಆ ಮಗು ಹುಟ್ಟಿನಿಂದ ಭಾರತೀಯ ಅಲ್ಲ. ಸೋಮವಾರ ಹುಟ್ಟಿದ್ರೆ ಭಾರತೀಯ. ಅಪ್ಪ ಅದೇ ಅಪ್ಪ, ಆಸ್ಪತ್ರೆ ಅದೇ ಆಸ್ಪತ್ರೆ, ಮೂರು ದಿನದ ವ್ಯತ್ಯಾಸ.

ಜನನ ಪ್ರಮಾಣಪತ್ರ ಸಿಗುತ್ತೆ. ಅದು ಮಗು ಇಲ್ಲಿ ಹುಟ್ಟಿದೆ ಅನ್ನೋಕೆ ಸಾಕ್ಷಿ, ಪೌರತ್ವಕ್ಕಲ್ಲ. ಮನೆಯವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗದೇ ಇರಬಹುದು. ಪಾಸ್‌ಪೋರ್ಟ್ ಮಾಡಿಸೋಕೆ ಹೋದಾಗ ತಾಯಿ ವಿದೇಶಿ ಅಂತ ಗೊತ್ತಾಗಿ, ಹೆರಿಗೆ ದಿನ ಅವರ ವೀಸಾ ಇತ್ತಾ ಅಂತ ಕೇಳಿದಾಗ ಗೊತ್ತಾಗುತ್ತೆ. ಫಿಲಿಪ್ಪೀನ್ಸ್ ತಾಯಿಯ ಮಗು ತಾಯಿಯಿಂದಾಗಿ ಅಲ್ಲಿಯ ಪ್ರಜೆ, ಹಾಗಾಗಿ ದೇಶ ಇಲ್ಲದ ಮಗು ಆಗಲ್ಲ. ಆದರೆ ಮಮದಾಪುರದಲ್ಲಿ ಹುಟ್ಟಿ, ಮಮದಾಪುರದ ಶಾಲೆಗೆ ಹೋಗಿ, ಕನ್ನಡ ಬಿಟ್ಟು ಬೇರೆ ಮಾತಾಡದ ಮಗು ಅಲ್ಲೇ ಇರೋಕೆ ವೀಸಾ ಬೇಕು.

ಸರಿಪಡಿಸೋಕೆ ದಾರಿ ಇಲ್ವಾ ಅಂದ್ರೆ ಇದೆ, ಸುತ್ತು ದಾರಿ. ವಿಶೇಷ ಸಂದರ್ಭದಲ್ಲಿ ಯಾವುದೇ ಅಪ್ರಾಪ್ತ ಮಗುವನ್ನ ಪ್ರಜೆಯಾಗಿ ನೋಂದಾಯಿಸೋ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿರೋ ಅಪ್ರಾಪ್ತ ಮಗು ಒಸಿಐ ಕಾರ್ಡಿಗೂ ಅರ್ಜಿ ಹಾಕಬಹುದು. ಆದರೆ ಆನ್‌ಲೈನ್‌ನಲ್ಲಿ ಅರ್ಧ ಗಂಟೆ ಕೂತು ವಿಸ್ತರಣೆ ಅರ್ಜಿ ಹಾಕಿದ್ರೆ ತಪ್ಪುತ್ತಿದ್ದ ಕಷ್ಟಕ್ಕೆ ದೆಹಲಿವರೆಗೆ ಕಾಗದ ಓಡಾಡಬೇಕು. ಕಾನೂನು ಮಾಡಿದವರ ಕಣ್ಣ ಮುಂದೆ ಗಡಿ ಇತ್ತು, ಹೆರಿಗೆ ಕೋಣೆ ಇರಲಿಲ್ಲ ಅಂತ ನನಗೆ ಅನ್ನಿಸುತ್ತೆ. ತಾಯಿಯ ತಡಕ್ಕೆ ಮಗು ಬೆಲೆ ಕಟ್ಟೋದು ನ್ಯಾಯ ಅಲ್ಲ. ಆದರೆ ಇವತ್ತಿನ ಕಾನೂನು ಅದೇ, ಹಾಗಾಗಿ ಮನೆಯಲ್ಲಿ ವಿದೇಶಿ ಸೊಸೆ ಬಸುರಿ ಇದ್ದರೆ ಸೀಮಂತದ ದಿನಾಂಕ ನೋಡೋ ಮುಂಚೆ ವೀಸಾದ ದಿನಾಂಕ ನೋಡಿ. ಅಳಿಯ ವಿದೇಶಿಯಾಗಿದ್ರೂ ಲೆಕ್ಕ ಇದೇ.

ಒಸಿಐ ಅಂದೆ. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಅದು. ಹೆಸರಲ್ಲಿ ನಾಗರಿಕ ಇದ್ರೂ ಪೌರತ್ವ ಅಲ್ಲ, ಜೀವಮಾನದ ವೀಸಾ ಅಂತ ತಿಳ್ಕೊಳ್ಳಿ. ಭಾರತೀಯರನ್ನ ಮದುವೆಯಾದ ವಿದೇಶಿಯರು, ಮದುವೆ ನೋಂದಣಿಯಾಗಿ, ಅರ್ಜಿಗೆ ಮುಂಚೆ ಸತತ ಎರಡು ವರ್ಷ ಆ ಮದುವೆ ಉಳಿದಿದ್ರೆ ಇದಕ್ಕೆ ಅರ್ಜಿ ಹಾಕಬಹುದು. ಭಾರತದಲ್ಲಿದ್ದು ಹಾಕೋದಾದ್ರೆ ಶುಲ್ಕ 15,000 ರೂಪಾಯಿ, ಟೂರಿಸ್ಟ್ ವೀಸಾದಲ್ಲಿ ಇದ್ದು ಹಾಕೋಕೆ ಆಗಲ್ಲ. ಭದ್ರತಾ ತಪಾಸಣೆ ಕಡ್ಡಾಯ, ಹಳೆ ದಂಡದ ಕಥೆ ಅಲ್ಲಿ ಮತ್ತೆ ಮೇಲೆ ಬರುತ್ತೆ. ಮುಚ್ಚಿಡದಿದ್ರೆ ಹೆದರಬೇಕಿಲ್ಲ. ಒಂದು ಮಾತು: ಮದುವೆ ಮುರಿದರೆ ಈ ಕಾರ್ಡನ್ನ ರದ್ದು ಮಾಡಬಹುದು. ಹೊಡೆತ ತಿಂದರೂ ಕಾರ್ಡ್ ಹೋಗುತ್ತೆ ಅನ್ನೋ ಭಯಕ್ಕೆ ಒಂದು ಹೆಣ್ಣು ಬಾಯಿ ಮುಚ್ಚಿಕೊಂಡಿರೋ ಸಾಧ್ಯತೆ ಈ ನಿಯಮದೊಳಗೇ ಇದೆ.

ಪೂರ್ಣ ಪೌರತ್ವಕ್ಕೆ ಏಳು ವರ್ಷ ಇಲ್ಲಿ ವಾಸ ಇರಬೇಕು. ಅದು ದೂರದ ಮಾತು, ಇವತ್ತು ಬಿಡೋಣ.

ಒಸಿಐ ಎಲ್ಲರಿಗೂ ಇಲ್ಲ. ಸ್ವತಃ, ಅಥವಾ ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯಲ್ಲಿ ಯಾರಾದ್ರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದವರಿಗೆ ಅದು ಸಿಗಲ್ಲ. ಅವರ ದಾರಿ ದೀರ್ಘಾವಧಿ ವೀಸಾ. ಉತ್ತರ ಕನ್ನಡದ ಭಟ್ಕಳದಲ್ಲಿ ಪಾಕಿಸ್ತಾನದಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಹೀಗೆ ವರ್ಷಗಟ್ಟಲೆ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಪಾಕಿಸ್ತಾನಿಯರ ವೀಸಾಗಳನ್ನ ಸರ್ಕಾರ ರದ್ದು ಮಾಡ್ತು, ದೀರ್ಘಾವಧಿ ವೀಸಾ ಇದ್ದವರನ್ನ ಬಿಟ್ಟಿತು. ಆ ವಾರ ಯಾರ ಕಾಗದ ಸರಿಯಾಗಿತ್ತೋ ಅವರು ಮನೆಯಲ್ಲಿ ಉಳಿದರು.

ಇದಕ್ಕೆ ತದ್ವಿರುದ್ಧ ಬೆಂಗಳೂರಿನ 2023ರ ಪ್ರಕರಣ. ಮೊಬೈಲ್‌ನಲ್ಲಿ ಲೂಡೊ ಆಡ್ತಾ ಪರಿಚಯ ಆದ ಜೋಡಿ. ಹುಡುಗಿ ಪಾಕಿಸ್ತಾನದವಳು, ಹುಡುಗ ಬೆಂಗಳೂರಲ್ಲಿ ಕೆಲಸಕ್ಕಿದ್ದ ಉತ್ತರ ಪ್ರದೇಶದವನು. ನೇಪಾಳದಲ್ಲಿ ಸೇರಿ, ಅಲ್ಲಿಂದ ಗಡಿ ದಾಟಿ ಬಂದ್ರು. ಜನವರಿಯಲ್ಲಿ ಪೊಲೀಸರು ಹಿಡಿದ್ರು, ಫೆಬ್ರವರಿಯಲ್ಲಿ ಅವಳನ್ನ ಅಟ್ಟಾರಿ ಗಡಿಯಲ್ಲಿ ವಾಪಸ್ ಕಳಿಸಿದ್ರು, ಹುಡುಗ ಜೈಲು ಕಂಡ. "ನೇಪಾಳದಿಂದ ಬಂದ್ರೆ ಯಾರೂ ಕೇಳಲ್ಲ" ಅಂತ ಹೇಳೋ ಏಜೆಂಟರು ಈಗಲೂ ಇದ್ದಾರೆ. ಆ ಗಡಿ ಭಾರತೀಯರಿಗೆ ಮತ್ತು ನೇಪಾಳಿಗಳಿಗೆ ತೆರೆದಿರೋದು. ಮೂರನೇ ದೇಶದವರು ವೀಸಾ ಸಮೇತ ಇಮಿಗ್ರೇಷನ್ ಠಾಣೆ ಇರೋ ಕಡೆಯೇ ದಾಟಬೇಕು. ದಾಖಲೆ ಇಲ್ಲದೆ ಒಳಗೆ ಬಂದರೆ ಹೊಸ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು, ನಕಲಿ ದಾಖಲೆ ಆದ್ರೆ 2ರಿಂದ 7 ವರ್ಷ. 20,000 ರೂಪಾಯಿ ದಂಡದಲ್ಲಿ ಮುಗಿಯೋದನ್ನ ಇಲ್ಲಿಗೆ ತಂದು ನಿಲ್ಲಿಸ್ತಾರೆ.

ಹಿಡಿದ ಮೇಲೆ ಎಲ್ಲಿಡ್ತಾರೆ ಅಂತಾನೂ ಗೊತ್ತಿರಲಿ. ಗೋಕರ್ಣದ ರಾಮತೀರ್ಥ ಬೆಟ್ಟದ ಗುಹೆಯಲ್ಲಿ 2025ರ ಜುಲೈನಲ್ಲಿ ಇಬ್ಬರು ಪುಟ್ಟ ಮಕ್ಕಳ ಜೊತೆ ಸಿಕ್ಕ ರಷ್ಯಾದ ಮಹಿಳೆಯ ಸುದ್ದಿ ನೆನಪಿದೆಯಲ್ಲ? ಅವರ ವೀಸಾ 2017ರಲ್ಲೇ ಮುಗಿದಿತ್ತು. ಅವರನ್ನ ಕರ್ಕೊಂಡು ಹೋಗಿದ್ದು ತುಮಕೂರಿನ ವಿದೇಶಿಯರ ಕೇಂದ್ರಕ್ಕೆ. ವಿಷಯ ಹೈಕೋರ್ಟಿಗೂ ಹೋಯ್ತು, ಅಲ್ಲೂ ದೊಡ್ಡ ಪ್ರಶ್ನೆ ಮಕ್ಕಳದ್ದೇ ಆಗಿತ್ತು.

ಈಗ ಕನ್ನಡಿ ತಿರುಗಿಸಿ. ನಮ್ಮ ಹುಡುಗರೇ ಬೇರೆ ದೇಶದಲ್ಲಿ 'ವಿದೇಶಿ ಸಂಗಾತಿ' ಆದ್ರೆ? ಅಮೆರಿಕದಲ್ಲಿ ಓದೋಕೆ ಹೋಗಿ ವೀಸಾ ಮೀರಿ ಉಳಿದು, ಆಮೇಲೆ ಅಲ್ಲಿಯ ಪ್ರಜೆಯನ್ನ ಮದುವೆಯಾದವರಿಗೆ ಕಾನೂನು ಒಂದು ದೊಡ್ಡ ರಿಯಾಯಿತಿ ಕೊಡುತ್ತೆ. ಸಕ್ರಮವಾಗಿ ಒಳಗೆ ಬಂದಿದ್ರೆ, ಮೀರಿದ ದಿನಗಳ ನಡುವೆಯೂ ಅಲ್ಲೇ ಇದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಅಕ್ರಮವಾಗಿ 180 ದಿನಕ್ಕಿಂತ ಹೆಚ್ಚು ಉಳಿದವರು ಅಜ್ಜಿಗೆ ಹುಷಾರಿಲ್ಲ ಅಂತ ಊರಿಗೆ ಬಂದ್ರೋ, ಮೂರು ವರ್ಷ ಬಾಗಿಲು ಬಂದ್. ಒಂದು ವರ್ಷ ದಾಟಿದ್ದವರಿಗೆ ಹತ್ತು ವರ್ಷ. ನಾನಿಲ್ಲದೆ ನನ್ನ ಹೆಂಡತಿಗೆ ಅಥವಾ ಗಂಡನಿಗೆ ವಿಪರೀತ ಕಷ್ಟ ಆಗುತ್ತೆ ಅಂತ ಸಾಬೀತು ಮಾಡಿದ್ರೆ ವಿನಾಯಿತಿ ಕೇಳಬಹುದು, ಸುಲಭಕ್ಕೆ ಸಿಗಲ್ಲ. ಇಲ್ಲಿ ನಿಯಮ ತಲೆಕೆಳಗು ನೋಡಿ: ಭಾರತದಲ್ಲಿ ಮೀರಿದವರು ದಂಡ ಕಟ್ಟಿ ಹೋಗಿಬಂದ್ರೆ ಸರಿಹೋಗೋ ಅವಕಾಶ ಹೆಚ್ಚು, ಅಲ್ಲಿ ಹೊರಟರೇ ಅಪಾಯ. ಈಗಿನ ವಾತಾವರಣದಲ್ಲಿ ವಕೀಲರಿಲ್ಲದೆ ಅಲ್ಲಿ ಒಂದು ಹೆಜ್ಜೆನೂ ಇಡಬೇಡಿ. ಯುರೋಪಿನ ಷೆಂಗೆನ್ ದೇಶಗಳಲ್ಲಿ 2025ರ ಅಕ್ಟೋಬರ್ 12ರಿಂದ ಬಂದು ಹೋಗೋ ಲೆಕ್ಕವನ್ನ ಕಂಪ್ಯೂಟರ್ ಇಡೋಕೆ ಶುರು ಮಾಡಿದೆ, ಬೆರಳಚ್ಚು, ಮುಖದ ಫೋಟೊ ಸಮೇತ. ಮೊದಲಿನ ಹಾಗೆ ಮಸುಕು ಮುದ್ರೆಯನ್ನ ನಂಬಿಕೊಂಡು ಒಂದು ವಾರ ಹೆಚ್ಚು ಇರೋ ಕಾಲ ಹೋಯ್ತು. ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ದಂಡ ಮಾಫಿ ಮಾಡಿ, ಮತ್ತೆ ಬರೋಕೆ ನಿಷೇಧ ಇಲ್ಲ ಅಂತ ಕ್ಷಮಾದಾನ ಕೊಟ್ಟಿದ್ರು. ಅಂಥದ್ದು ಯಾವಾಗ ಬರುತ್ತೆ ಅಂತ ಕಾಯ್ತಾ ಕೂರೋಕೆ ಆಗಲ್ಲ.

ಕೊನೆಗೆ ಮಮದಾಪುರದ ಮನೆಗೇ ಬರೋಣ. ಹುಡುಗಿ ಎಕ್ಸ್-2 ವೀಸಾದಲ್ಲಿ ಬಂದಿಳಿದಳು. ವೀಸಾ 180 ದಿನಕ್ಕಿಂತ ಹೆಚ್ಚಿನದ್ದಾದ್ರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒದಲ್ಲಿ ನೋಂದಣಿ, ಅದು ಅವಳ ಕೆಲಸ. ಇನ್ನೊಂದು ಮನೆಯವರ ಕೆಲಸ. ಹೋಟೆಲ್ ಆಗಲಿ, ಬಾಡಿಗೆ ಮನೆ ಆಗಲಿ, ನಿಮ್ಮ ಸ್ವಂತ ಮನೆಯೇ ಆಗಲಿ, ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಮೊದಲು ಇದಕ್ಕೆ ಸಿ ಫಾರ್ಮ್ ಅಂತಿದ್ರು. ಸೊಸೆ ಮನೆಗೆ ಬಂದ ಖುಷಿಯಲ್ಲಿ ಇದನ್ನ ಮರೀತಾರೆ. ಆರತಿ ಎತ್ತಿ ಒಳಗೆ ಕರ್ಕೊಂಡ ಮೇಲೆ, ಊಟಕ್ಕೆ ಕೂರೋ ಮುಂಚೆ ಯಾರಾದ್ರೂ ಒಬ್ಬರು ಫೋನ್ ತೆಗೆದು ಅದನ್ನ ತುಂಬಿಬಿಡಿ, ಹತ್ತು ನಿಮಿಷದ ಕೆಲಸ. ಅವಳ ಪಾಸ್‌ಪೋರ್ಟಿನ ಫೋಟೊ, ವೀಸಾದ ಫೋಟೊ, ನಿಮ್ಮ ವಿಳಾಸ ಬೇಕಾಗುತ್ತೆ. ಆ ವೀಸಾ ಮುಗಿಯೋಕೆ ಎರಡು ತಿಂಗಳು ಇರುವಾಗ ಒಂದು ರಿಮೈಂಡರ್ ಕೂಡ ಅದೇ ಫೋನಿನಲ್ಲಿ ಈಗಲೇ ಇಟ್ಟುಬಿಡಿ.